ಅತ್ತೆ ಮನೆಯ ಪ್ರೆಸ್ಬಿಟೇರಿಯನ್ ಹಿರಿಯರು: ಆಂಟ್ರಿಮ್ ಕಡೆ ಹುಡುಕೋದು ಹೇಗೆ?

ತುಂಗೆ ದಂಡೆಯವಳು:
ಎಲ್ಲರಿಗೂ ನಮಸ್ಕಾರ. ಮೂಲ ಶಿವಮೊಗ್ಗ, ಹನ್ನೊಂದು ವರ್ಷದಿಂದ ಬೆಲ್‌ಫಾಸ್ಟ್. ನಮ್ಮ ಯಜಮಾನರು ಇಲ್ಲಿಯವರೇ. ಅತ್ತೆಗೆ ಈಗ 81, ಆಂಟ್ರಿಮ್ ಕೌಂಟಿಯಲ್ಲಿ ಬ್ಯಾಲಿಮೀನಾ ಆಚೆಯ ಹಳ್ಳಿಯವರು. ಹೋದ ದೀಪಾವಳಿಗೆ ನಮ್ಮಮ್ಮ ಫೋನಿನಲ್ಲಿ ಗೋತ್ರ, ಮನೆದೇವರು, ಮುತ್ತಜ್ಜ ಬಿಟ್ಟು ಬಂದ ಊರು ಅಂತ ಪುರಾಣ ತೆಗೆದಿದ್ದರು. ಪಕ್ಕದಲ್ಲಿ ಕೂತಿದ್ದ ಅತ್ತೆಗೆ ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಎಲ್ಲಾ ಕೇಳಿಸಿಕೊಂಡು ಅವರು, ನನಗೆ ನಮ್ಮಜ್ಜನ ಆಚೆ ಯಾರೂ ಗೊತ್ತಿಲ್ಲ, ನಾವು ಪ್ರೆಸ್ಬಿಟೇರಿಯನ್ನರು ಅನ್ನೋದಷ್ಟೇ ಗೊತ್ತು ಅಂದರು (ಸ್ಕಾಟ್ಲೆಂಡಿನಿಂದ ಬಂದ ಒಂದು ಪ್ರೊಟೆಸ್ಟೆಂಟ್ ಪಂಗಡ ಅದು). ಅವತ್ತು ಹಿಡಿದ ಹುಚ್ಚು ಇದು.

ಕೈಯಲ್ಲಿರೋದು 1901 ಮತ್ತು 1911ರ ಜನಗಣತಿ. ಎರಡೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1901ರಲ್ಲಿ ಅತ್ತೆಯ ಅಜ್ಜ, ಅಜ್ಜಿ, ಮಕ್ಕಳು, ಜೊತೆಗೆ ಅಜ್ಜನ ತಾಯಿ. ಅಂದರೆ ಅತ್ತೆಗೆ ಮುತ್ತಜ್ಜಿ. ವಿಧವೆ, ವಯಸ್ಸು 58. ಧರ್ಮದ ಕಾಲಮ್ಮಿನಲ್ಲಿ ಎಲ್ಲರಿಗೂ ಪ್ರೆಸ್ಬಿಟೇರಿಯನ್. ಮುತ್ತಜ್ಜಿಯ ಮುಂದೆ ಓದು ಬರುತ್ತದೆ, ಬರವಣಿಗೆ ಇಲ್ಲ ಅಂತಿದೆ. 1911ರಲ್ಲಿ ಅದೇ ಮನೆ, ಅದೇ ಮುತ್ತಜ್ಜಿ, ವಯಸ್ಸು ಮಾತ್ರ 74! ಹತ್ತು ವರ್ಷದಲ್ಲಿ ಹದಿನಾರು ವರ್ಷ ಹೆಚ್ಚಾಗಿದೆ. ಇವರು ಒಬ್ಬರೋ ಇಬ್ಬರೋ ಅಂತಲೇ ತಿಳಿಯುತ್ತಿಲ್ಲ.

ಇನ್ನೊಂದು ನಾಚಿಕೆಗೇಡು. ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ಸೈಟಿನಲ್ಲಿ ಹಳೆ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ವಲಯ) ರಿಜಿಸ್ಟರುಗಳ ಫೋಟೋ ಸಿಕ್ಕಿತಲ್ಲ ಅಂತ ಮೂರು ವಾರ ರಾತ್ರಿ ಕೂತು ಲ್ಯಾಟಿನ್ ಹೆಸರುಗಳ ಮೇಲೆ ಕಣ್ಣಾಡಿಸಿದೆ. ಯಜಮಾನರು ಒಂದಿನ ಹಿಂದಿನಿಂದ ಇಣುಕಿ ನೋಡಿ, ಇವೆಲ್ಲ ಕ್ಯಾಥೊಲಿಕರ ರಿಜಿಸ್ಟರ್ ಅಲ್ವಾ ಅಂದರು. ಈಗ ಎಲ್ಲಿಂದ ಶುರು ಮಾಡಲಿ?

ಒಗ್ಗರಣೆ:
ಮೇಡಂ, ಸುಮ್ನೆ ಟೈಮ್ ಹಾಳು. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟು ಬೂದಿಯಾಯ್ತು. ಐರ್ಲೆಂಡಿನಲ್ಲಿ ಏನೂ ಉಳಿದಿಲ್ಲ.

ಡಬ್ಲಿನ್ ದೊಡ್ಡಪ್ಪ:
ಒಗ್ಗರಣೆಯವರೇ, ಅರ್ಧ ಸತ್ಯಕ್ಕೆ ಪೂರ್ತಿ ಸಾಸಿವೆ ಸಿಡಿಸಬೇಡಿ 🙂 ಬೆಂಕಿ ಬಿದ್ದದ್ದು ನಿಜ. 1922ರ ಜೂನ್ 30, ಫೋರ್ ಕೋರ್ಟ್ಸ್ ಕಟ್ಟಡ. ಹಳೆ ಉಯಿಲುಗಳು ಹೋದವು, 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಹೋಯಿತು, ಚರ್ಚ್ ಆಫ್ ಐರ್ಲೆಂಡಿನ, ಅಂದರೆ ಆಂಗ್ಲಿಕನ್ನರ, ರಿಜಿಸ್ಟರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದವು. ಯಾಕೆ ಅಂದರೆ ಅದು 1869ರ ಕಾನೂನಿನವರೆಗೆ ಸರಕಾರಿ ಚರ್ಚು. ಆಮೇಲೆ ಅದರ ಹಳೆ ಪುಸ್ತಕಗಳನ್ನು ಸಾರ್ವಜನಿಕ ದಾಖಲೆ ಅಂತ ಮಾಡಿ ಎಷ್ಟೋ ಕಡೆಯಿಂದ ಡಬ್ಲಿನ್‌ಗೆ ತರಿಸಿಕೊಂಡರು. ಪ್ರೆಸ್ಬಿಟೇರಿಯನ್ನರ ಪುಸ್ತಕ ಯಾರೂ ಕೇಳಲಿಲ್ಲ. ಅವು ಊರೂರಲ್ಲೇ, ಪಾದ್ರಿಯ ಮನೆಯ ಕಪಾಟಿನಲ್ಲೋ ಚರ್ಚಿನ ಪೆಟ್ಟಿಗೆಯಲ್ಲೋ ಇದ್ದವು, ಹಾಗಾಗಿ ಬೆಂಕಿಯಿಂದ ಬಚಾವಾದವು. ಇಲಿ, ತೇವ, ಅಸಡ್ಡೆ ತಿಂದದ್ದು ಬೇರೆ ಲೆಕ್ಕ.

ಅಂದ ಹಾಗೆ 1881 ಮತ್ತು 1891ರ ಗಣತಿಯನ್ನು ಯಾವ ಬೆಂಕಿಯೂ ಸುಟ್ಟಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಸರಕಾರವೇ ರದ್ದಿ ಮಾಡಿತು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೇ.

ಗ್ಲಾಸ್ಗೋ ಗೌಡ:
ಅಕ್ಕ, ಸುಲಭ ಇದೆ. ನಾನು ಇಲ್ಲಿ ಸ್ಕಾಟ್ಲೆಂಡಿನಲ್ಲಿ ನಾಲ್ಕು ಮನೆತನ ಹುಡುಕಿಕೊಟ್ಟಿದ್ದೇನೆ. ಮೊದಲು ಅವರ ಪ್ಯಾರಿಷ್ ಯಾವುದು ನೋಡಿ, ಆ ಪ್ಯಾರಿಷ್‌ನ ರಿಜಿಸ್ಟರ್ ತೆಗೆಯಿರಿ, ಹೆಸರು ಅಲ್ಲೇ ಇರುತ್ತೆ. ಪ್ರೆಸ್ಬಿಟೇರಿಯನ್ನರು ಎಲ್ಲಾ ಕಡೆ ಒಂದೇ ಪದ್ಧತಿ. ಇನ್ನೊಂದು ಗುಟ್ಟು: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೇ ಮಗನಿಗೆ ಅಮ್ಮನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡಲ್ವಾ, ಹಾಗೆ.

ಹಳೆ ಕಾಗದ:
ಗೌಡ್ರೇ, ಹೆಸರಿಡೋ ಪದ್ಧತಿ ಒಪ್ಪಿದೆ. ಅಲ್ಸ್ಟರಿನಲ್ಲೂ, ಅಂದರೆ ಐರ್ಲೆಂಡಿನ ಉತ್ತರ ಭಾಗದಲ್ಲೂ, ಎಷ್ಟೋ ಮನೆಗಳು ಪಾಲಿಸಿದ್ದವು, ಸುಳಿವಾಗಿ ಚೆನ್ನಾಗಿದೆ, ಸಾಕ್ಷಿಯಾಗಿ ಸಾಲದು. ಆದರೆ ಪ್ಯಾರಿಷ್ ಮಾತು ಇಲ್ಲಿ ನಡೆಯಲ್ಲ, ಎಲ್ಲರೂ ಮುಗ್ಗರಿಸೋದೇ ಇಲ್ಲಿ. ಸ್ಕಾಟ್ಲೆಂಡಿನಲ್ಲಿ ಪ್ರೆಸ್ಬಿಟೇರಿಯನ್ ಚರ್ಚೇ ದೇಶದ ಚರ್ಚು, ಒಂದು ಪ್ಯಾರಿಷ್‌ಗೆ ಒಂದು ಕಿರ್ಕ್ (ಚರ್ಚು), ಒಂದು ಪುಸ್ತಕ. ಐರ್ಲೆಂಡಿನಲ್ಲಿ ಅವರು ಡಿಸೆಂಟರುಗಳು, ಅಂದರೆ ಸರಕಾರಿ ಚರ್ಚಿಗೆ ಸೇರದವರು. ಪ್ಯಾರಿಷ್ ಗಡಿ ಅವರದ್ದಲ್ಲ, ಆಂಗ್ಲಿಕನ್ನರದ್ದು. ಇವರದ್ದು ಸಭೆ. ಒಂದು ಮೀಟಿಂಗ್ ಹೌಸು, ಅಂದರೆ ಪ್ರಾರ್ಥನೆಯ ಮನೆ, ಅದಕ್ಕೆ ಯಾರು ನಡೆದು ಬರುತ್ತಾರೋ ಅವರೆಲ್ಲ ಆ ಸಭೆ. ಮೂರು ಪ್ಯಾರಿಷ್‌ನ ಜನ ಒಂದು ಸಭೆಯಲ್ಲಿ ಇರಬಹುದು, ಒಂದೇ ಹಳ್ಳಿಯ ಎರಡು ಮನೆ ಎರಡು ಸಭೆಗೆ ಹೋಗುತ್ತಿರಬಹುದು.

ಅದರ ಮೇಲೆ ಒಡಕು ಬೇರೆ. 1642ರಲ್ಲಿ ಕ್ಯಾರಿಕ್‌ಫರ್ಗಸ್‌ನಲ್ಲಿ ಸ್ಕಾಟಿಷ್ ಸೈನ್ಯದ ಪಾದ್ರಿಗಳು ಮೊದಲ ಪ್ರೆಸ್ಬಿಟರಿ (ಪಾದ್ರಿ, ಹಿರಿಯರ ಆಡಳಿತ ಮಂಡಳಿ) ಕಟ್ಟಿದರು. ಆಮೇಲೆ ದೊಡ್ಡದಾಗಿ ಬೆಳೆದದ್ದು ಸಿನಡ್ ಆಫ್ ಅಲ್ಸ್ಟರ್, ಅಂದರೆ ಪ್ರೆಸ್ಬಿಟರಿಗಳ ಮೇಲಿನ ಮಂಡಳಿ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಸಿಸೀಡರುಗಳು (ಅಲ್ಲಿನ ಚರ್ಚಿನಿಂದ ಒಡೆದು ಹೋದವರು) ಬಂದು ಪಕ್ಕದಲ್ಲೇ ಬೇರೆ ಮೀಟಿಂಗ್ ಹೌಸ್ ಕಟ್ಟಿದರು. ಕವನೆಂಟರುಗಳು ಅಂದರೆ ರಿಫಾರ್ಮ್ಡ್ ಪ್ರೆಸ್ಬಿಟೇರಿಯನ್ನರು ಇನ್ನೊಂದು. ನಂಬಿಕೆಯ ಪತ್ರಕ್ಕೆ ಸಹಿ ಹಾಕಲ್ಲ ಅಂತ 1725ರಲ್ಲಿ ಆಂಟ್ರಿಮ್ ಪ್ರೆಸ್ಬಿಟರಿಯನ್ನೇ ಬೇರೆ ಮಾಡಿದರು, 1830ರಲ್ಲಿ ಅದೇ ಜಗಳಕ್ಕೆ ಮತ್ತೊಂದು ಗುಂಪು ಹೊರಬಿತ್ತು. ಈ ಎರಡರ ಕಡೆಯವರು ಇವತ್ತು ನಾನ್ ಸಬ್‌ಸ್ಕ್ರೈಬಿಂಗ್ ಪ್ರೆಸ್ಬಿಟೇರಿಯನ್. 1840ರಲ್ಲಿ ಸಿನಡ್ ಆಫ್ ಅಲ್ಸ್ಟರ್ ಮತ್ತು ಸಿಸೀಡರುಗಳು ಕೂಡಿ ಇವತ್ತಿನ ಪ್ರೆಸ್ಬಿಟೇರಿಯನ್ ಚರ್ಚ್ ಆಯಿತು. ಅದಕ್ಕೇ ಒಂದೇ ಪೇಟೆಯಲ್ಲಿ ಫಸ್ಟ್, ಸೆಕೆಂಡ್, ಥರ್ಡ್ ಅಂತ ಚರ್ಚುಗಳು. ಜನಗಣತಿಯಲ್ಲಿ ಪ್ರೆಸ್ಬಿಟೇರಿಯನ್ ಅಂತ ಒಂದೇ ಪದ ಇದ್ದರೂ ಅದರ ಹಿಂದೆ ಇಷ್ಟು ರಾಮಾಯಣ ಇದೆ.

ಹಾಗಾಗಿ ಪ್ಯಾರಿಷ್ ಬಿಡಿ, ಟೌನ್‌ಲ್ಯಾಂಡ್ ಹಿಡಿಯಿರಿ. ನಮ್ಮ ಮಜರೆ ಹಳ್ಳಿ ಇದ್ದ ಹಾಗೆ, ಐರ್ಲೆಂಡಿನಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ಇವೆ. 1901ರ ಹಾಳೆಯಲ್ಲಿ ಟೌನ್‌ಲ್ಯಾಂಡ್ ಹೆಸರು ಇರುತ್ತೆ. ನಕ್ಷೆಯಲ್ಲಿ ಅದಕ್ಕೆ ಚುಕ್ಕಿ ಇಟ್ಟು ಸುತ್ತ ಐದಾರು ಮೈಲಿಯೊಳಗೆ ಇರೋ ಎಲ್ಲಾ ಪ್ರೆಸ್ಬಿಟೇರಿಯನ್ ಸಭೆಗಳ ಪಟ್ಟಿ ಮಾಡಿ. ನಾಲ್ಕಾದರೂ ಸಿಗುತ್ತವೆ.

ತುಂಗೆ ದಂಡೆಯವಳು:
ಪಟ್ಟಿ ಮಾಡಿದೆ, ಆರು ಸಿಕ್ಕವು! ಇದರಲ್ಲಿ ಯಾವುದು ಅಂತ ಹೇಗೆ ಗೊತ್ತಾಗೋದು?

ಡಬ್ಲಿನ್ ದೊಡ್ಡಪ್ಪ:
ಮದುವೆ ದಾಖಲೆ ಹಿಡಿಯಮ್ಮ. ಐರ್ಲೆಂಡಿನಲ್ಲಿ ಜನನ, ಮರಣ ಮತ್ತು ಕ್ಯಾಥೊಲಿಕರ ಮದುವೆ ಸರಕಾರದಲ್ಲಿ ನೋಂದಣಿಯಾಗಲು ಶುರುವಾದದ್ದು 1864ರ ಜನವರಿ 1ರಿಂದ. ಕ್ಯಾಥೊಲಿಕರಲ್ಲದವರ ಮದುವೆ ಮಾತ್ರ 1845ರ ಏಪ್ರಿಲ್ 1ರಿಂದಲೇ ಇದೆ. ಪ್ರೆಸ್ಬಿಟೇರಿಯನ್ ಮನೆತನ ಹುಡುಕೋರಿಗೆ ಇದು ಹತ್ತೊಂಬತ್ತು ವರ್ಷದ ಲಾಭ. ಐರಿಷ್ ಜೀನಿಯಾಲಜಿ ಅನ್ನೋ ಸರಕಾರಿ ಸೈಟಿನಲ್ಲಿ ಪುಟದ ಫೋಟೋನೇ ಪುಕ್ಕಟೆ ಸಿಗುತ್ತೆ, ಉತ್ತರದ ಆರು ಕೌಂಟಿಗಳದ್ದು 1921ರವರೆಗೆ ಅಲ್ಲೇ ಇದೆ. ಅತ್ತೆಯ ಅಜ್ಜ ಹುಟ್ಟಿದ್ದು 1864ರ ಆಚೆಗೆ ತಾನೆ? ಅವರ ಜನನ ದಾಖಲೆ ತೆಗೆ. ಅದರಲ್ಲಿ ತಾಯಿಯ ತವರಿನ ಮನೆತನದ ಹೆಸರು ಇರುತ್ತೆ. ಅದನ್ನು ಹಿಡಿದು ಅಪ್ಪ ಅಮ್ಮನ ಮದುವೆ ಹುಡುಕು. ಮದುವೆ ಪುಟದ ನೆತ್ತಿಯಲ್ಲಿ ಯಾವ ಚರ್ಚು ಅಂತ ಕೈಬರಹದಲ್ಲಿ ತುಂಬಿರುತ್ತಾರೆ. ಸಾಮಾನ್ಯವಾಗಿ ಅದು ಹೆಣ್ಣಿನ ಕಡೆಯವರ ಚರ್ಚು.

ಸ್ಪೆಲಿಂಗ್ ಮಾತ್ರ ನಂಬಬೇಡ. ಮೆಕ್, ಮ್ಯಾಕ್, ಬರೀ ಎಂ, ಕೆಲವು ಸಲ ಮೆಕ್ ಪೂರ್ತಿ ಮಾಯ. ಬರೆದುಕೊಂಡವನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ.

ಕುಡ್ಲದ ಕಾಗೆ:
ಮಧ್ಯೆ ಬಾಯಿ ಹಾಕ್ತಿದ್ದೇನೆ. ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಕಾಲದಿಂದ ಬಂದ ಮನೆ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಸಾಕ್ಷಿಗಳ ಹೆಸರು ನೋಡಿ ನೆಂಟಸ್ತಿಕೆ ಹಿಡಿಯಬಹುದಲ್ಲ? ಅಲ್ಲಿ ಗಾಡ್‌ಫಾದರ್ ಹೆಸರು ಇರುತ್ತಾ?

ಹಳೆ ಕಾಗದ:
ಇರಲ್ಲ. ಕ್ಯಾಥೊಲಿಕ್ ಪುಸ್ತಕದಲ್ಲಿ ಇರುತ್ತೆ, ಪ್ರೆಸ್ಬಿಟೇರಿಯನ್ನರಲ್ಲಿ ಅಪ್ಪ ಅಮ್ಮನೇ ಮಗುವಿಗೆ ಮಾತು ಕೊಡಬೇಕು. ಸಿಗೋದು ಮಗುವಿನ ಹೆಸರು, ಅಪ್ಪ, ಅದೃಷ್ಟ ಇದ್ದರೆ ಅಮ್ಮನ ತವರು ಹೆಸರು, ಟೌನ್‌ಲ್ಯಾಂಡ್, ತಾರೀಖು. ಕೆಲವು ಪಾದ್ರಿಗಳು ಅಮ್ಮನ ಹೆಸರನ್ನೇ ಬರೆದಿಲ್ಲ, ಮಗು ಅಪ್ಪನಿಗೇ ಹುಟ್ಟಿದ ಹಾಗೆ.

ಇನ್ನು ಪುಸ್ತಕ ಎಷ್ಟು ಹಿಂದಕ್ಕೆ ಹೋಗುತ್ತೆ ಅನ್ನೋದು. 1819ರಲ್ಲಿ ಸಿನಡ್ ಆಫ್ ಅಲ್ಸ್ಟರ್ ಎಲ್ಲಾ ಪಾದ್ರಿಗಳೂ ರಿಜಿಸ್ಟರ್ ಇಡಲೇಬೇಕು ಅಂತ ಆಜ್ಞೆ ಮಾಡಿತು, ಆದರೂ ಎಷ್ಟೋ ಕಡೆ 1830, 40ರ ಹೊತ್ತಿಗೇ ಶುರು. ಆಂಟ್ರಿಮ್ ಪೇಟೆಯ ಸಭೆಯ ಹಾಗೆ 1670ರ ದಶಕದಿಂದ ಇರೋದು ಬೆರಳೆಣಿಕೆ. ಸಮಾಧಿ ರಿಜಿಸ್ಟರ್ ಅಂತೂ ಅಪರೂಪ. ಹೂಳೋದಕ್ಕೆ ಪ್ಯಾರಿಷ್ ಸ್ಮಶಾನವೇ ಗತಿ, ಅದು ಆಂಗ್ಲಿಕನ್ ಚರ್ಚಿನ ಅಂಗಳದಲ್ಲಿ. ಅಲ್ಲಿ ಕಲ್ಲು ಸಿಕ್ಕಿತು ಅಂತ ನಿಮ್ಮವರು ಆಂಗ್ಲಿಕನ್ನರು ಅಂದುಕೊಳ್ಳಬೇಡಿ.

ಮದುವೆಗೂ ಹಾಗೇ. 1844ರ ಕಾನೂನಿಗೆ ಮುಂಚೆ ಪ್ರೆಸ್ಬಿಟೇರಿಯನ್ ಪಾದ್ರಿ ಮಾಡಿಸಿದ ಮದುವೆಗೆ ಕೋರ್ಟಿನಲ್ಲಿ ನೂರೆಂಟು ತಕರಾರು. ಗಂಡು ಹೆಣ್ಣು ಇಬ್ಬರೂ ಪ್ರೆಸ್ಬಿಟೇರಿಯನ್ ಆದರೆ ನಡೆಯುತ್ತಿತ್ತು. ಒಬ್ಬರು ಚರ್ಚ್ ಆಫ್ ಐರ್ಲೆಂಡ್ ಆಗಿದ್ದರೆ ಆ ಮದುವೆ ಊರ್ಜಿತವೇ ಅಲ್ಲ. ಯಾಕಪ್ಪಾ ರಗಳೆ ಅಂತ ಎಷ್ಟೋ ಜನ ಆಂಗ್ಲಿಕನ್ ಚರ್ಚಿನಲ್ಲೇ ತಾಳಿ ಕಟ್ಟಿಸಿಕೊಂಡರು (ತಾಳಿ ಅಲ್ಲ, ಬಾಯಿ ತಪ್ಪಿತು). ಅಂದರೆ 1845ಕ್ಕೆ ಹಿಂದಿನವರಿಗೆ ಎರಡೂ ಚರ್ಚಿನ ಪುಸ್ತಕ ನೋಡಲೇಬೇಕು. ಹಳೆ ಕಾಗದಗಳಲ್ಲಿ ಪ್ರೊಟೆಸ್ಟೆಂಟ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಆಂಗ್ಲಿಕನ್, ಪ್ರೆಸ್ಬಿಟೇರಿಯನ್ನರಿಗೆ ಡಿಸೆಂಟರ್ ಅನ್ನುತ್ತಿದ್ದರು. ಇದು ಗೊತ್ತಿಲ್ಲದೆ ನಾನೇ ಒಂದು ವರ್ಷ ತಪ್ಪು ಮನೆತನದ ಹಿಂದೆ ಬಿದ್ದಿದ್ದೆ.

ತುಂಗೆ ದಂಡೆಯವಳು:
ಸಿಕ್ಕಿತು ಸಿಕ್ಕಿತು! ಅಜ್ಜನ ಜನನ 1872. ತಾಯಿಯ ತವರು ಹೆಸರು ಸಿಕ್ಕಿತು. ಅದರಿಂದ 1861ರ ಮದುವೆ ಸಿಕ್ಕಿತು. ಗಂಡು ರೈತ, ಹೆಣ್ಣಿನ ಅಪ್ಪ ನೇಕಾರ. ವಯಸ್ಸಿನ ಜಾಗದಲ್ಲಿ ಇಬ್ಬರಿಗೂ 'ಪೂರ್ಣ ವಯಸ್ಸು' ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಮುತ್ತಜ್ಜಿ ಸಹಿ ಮಾಡಿಲ್ಲ. ಪಾದ್ರಿ ಅವರ ಹೆಸರು ಬರೆದು ನಡುವೆ ಜಾಗ ಬಿಟ್ಟಿದ್ದಾನೆ, ಆ ಜಾಗದಲ್ಲಿ ಒಂದು ಗುಣಿಸು ಗುರುತು, ಮೇಲೆ ಕೆಳಗೆ ಸಣ್ಣಕ್ಷರದಲ್ಲಿ 'ಅವಳ ಗುರುತು'. ಗುಣಿಸಿನ ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ, ಕೊನೆಯಲ್ಲಿ ಶಾಯಿ ಹನಿ ಹರಡಿದೆ. ಅತ್ತೆ ಅದನ್ನು ದೊಡ್ಡದು ಮಾಡಿಸಿ ಎಷ್ಟೋ ಹೊತ್ತು ನೋಡಿದರು.

ಆದರೆ ಆ 16 ವರ್ಷದ ಗಂಟು ಬಿಡಿಸಿ ಯಾರಾದರೂ. 1843ರಲ್ಲಿ ಹುಟ್ಟಿದ್ದಾ, 1837ರಲ್ಲಾ?

ಡಬ್ಲಿನ್ ದೊಡ್ಡಪ್ಪ:
ಅಯ್ಯೋ, ಅದು ಸುಲಭ. ನಿಮ್ಮ ಮುತ್ತಜ್ಜಿ ಒಬ್ಬರೇ ಅಲ್ಲ, ಐರ್ಲೆಂಡಿನ ಮುದುಕರೆಲ್ಲ ಆ ಹತ್ತು ವರ್ಷದಲ್ಲಿ ಹೀಗೇ ಓಡಿದ್ದಾರೆ. ವೃದ್ಧಾಪ್ಯ ಪಿಂಚಣಿ! 1908ರಲ್ಲಿ ಕಾನೂನು, 1909ರ ಜನವರಿಯಿಂದ ದುಡ್ಡು, 70 ತುಂಬಿರಬೇಕು. 1864ಕ್ಕೆ ಮುಂಚೆ ಹುಟ್ಟಿದವರಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಅದಕ್ಕೆ 1841 ಮತ್ತು 1851ರ ಗಣತಿಯಲ್ಲಿ ಹೆಸರು ಇದೆಯಾ ಅಂತ ಹುಡುಕಿಸಿಕೊಳ್ಳುತ್ತಿದ್ದರು. ಆಗ ಆ ಪುಸ್ತಕಗಳು ಇನ್ನೂ ಸುಟ್ಟಿರಲಿಲ್ಲ. ಅರ್ಜಿಯಲ್ಲಿ ಅಪ್ಪ, ಅಮ್ಮ, ಟೌನ್‌ಲ್ಯಾಂಡ್ ಬರೆಯಬೇಕು, ಗುಮಾಸ್ತ ಹುಡುಕಿ ಸಿಕ್ಕಿದ್ದನ್ನು ಅದೇ ಹಾಳೆಯ ಮೇಲೆ ಬರೆಯುತ್ತಿದ್ದ. ಗಣತಿ ಸುಟ್ಟು ಹೋಯಿತು, ಈ ಹಾಳೆಗಳು ಉಳಿದವು. ಡಬ್ಲಿನ್‌ನ ನ್ಯಾಷನಲ್ ಆರ್ಕೈವ್ಸ್ ಸೈಟಿನಲ್ಲಿ 'ಸೆನ್ಸಸ್ ಸರ್ಚ್ ಫಾರ್ಮ್ಸ್' ಅಂತ ಇವೆ, ಪುಕ್ಕಟೆ. ತವರು ಹೆಸರಿನಲ್ಲಿ ಹುಡುಕು ತಾಯಿ.

ಒಗ್ಗರಣೆ:
ಸುಟ್ಟದ್ದರಲ್ಲೂ ಉಳಿದದ್ದು ಇದೆ ಅಂತ ಈಗ ಗೊತ್ತಾಯ್ತು. ತಪ್ಪಾಯ್ತು ದೊಡ್ಡಪ್ಪಾ 🙏

ಕಂಟೋನ್ಮೆಂಟ್ ಕಿಟ್ಟಿ:
ದಾರಿ ತಪ್ಪಿಸ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಸ್ಕಾಟಿಷ್ ಪ್ರೆಸ್ಬಿಟೇರಿಯನ್ನರ ಚರ್ಚು ಅಲ್ವಾ, 1860ರ ದಶಕದ್ದು. ಅಲ್ಸ್ಟರ್ ಕಡೆಯ ಸೈನಿಕರ ಮಕ್ಕಳ ದಾಖಲೆ ಹುಡುಕೋರು ಅಲ್ಲಿಗೆ ಬರಬೇಕಾ?

ಹಳೆ ಕಾಗದ:
ಬಂದರೆ ಚರ್ಚು ನೋಡಿದ ಹಾಗಾಗುತ್ತೆ, ಆದರೆ ದಾಖಲೆಯ ನಕಲು ಲಂಡನ್ನಿನಲ್ಲಿ ನೋಡೋದು ಸುಲಭ. ಮದ್ರಾಸ್ ಪ್ರಾಂತ್ಯದಿಂದ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪಟ್ಟಿ ಅಲ್ಲಿಗೆ ಕಳಿಸುತ್ತಿದ್ದರು, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇವೆ. ನಿಮ್ಮವರು ಯಾರಾದರೂ ಇದ್ದರೆ ಬೇರೆ ಎಳೆ ಶುರು ಮಾಡಿ, ಬರುತ್ತೇನೆ.

ತುಂಗೆ ದಂಡೆಯವಳು:
ದೊಡ್ಡಪ್ಪಾ, ಹಾಳೆ ಸಿಕ್ಕಿತು!! 1909ರ ಅರ್ಜಿ. ಅಪ್ಪನ ಹೆಸರು, ಅಮ್ಮನ ಹೆಸರು ಅವರ ತವರು ಸಮೇತ, ಟೌನ್‌ಲ್ಯಾಂಡ್. ಕೆಳಗೆ ಗುಮಾಸ್ತನ ಬರಹ: 1851ರಲ್ಲಿ ಸಿಕ್ಕಿದ್ದಾಳೆ, ವಯಸ್ಸು 13. ಹಾಗಾದರೆ 1837ರ ಸುಮಾರು. 1901ರಲ್ಲಿ 58 ಅಂದದ್ದು ಸುಳ್ಳು, ಪಿಂಚಣಿ ಬಂದಾಗ ನಿಜ ಹೊರಗೆ ಬಂತು. ಅತ್ತೆ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಬೆಲ್‌ಫಾಸ್ಟಿನ ಟೈಟಾನಿಕ್ ಕ್ವಾರ್ಟರ್‌ನಲ್ಲಿರೋ ಪ್ರೋನಿಗೆ, ಅಂದರೆ ಇಲ್ಲಿನ ದಾಖಲೆ ಕಚೇರಿಗೆ ಹೋದೆ. ಫೋಟೋ ಇರೋ ಗುರುತು ಚೀಟಿ ತೋರಿಸಿದರೆ ಕಾರ್ಡ್ ಕೊಡುತ್ತಾರೆ, ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ. ಮೈಕ್ರೋಫಿಲ್ಮಿನಲ್ಲಿ ಮದುವೆಯಾದ ಸಭೆಯ ದೀಕ್ಷಾಸ್ನಾನದ ಪುಸ್ತಕ 1830ರಿಂದ ನೋಡಿದೆ. ಇಲ್ಲ! ಒಂದು ದಿನ ಪೂರ್ತಿ ಹೋಯಿತು. ಸಭೆಯ ಕಚೇರಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ.

ಹಳೆ ಕಾಗದ:
ಮದುವೆಯ ಹೊತ್ತಿಗೆ ಸಭೆ ಬದಲಾಗಿರಬಹುದು. ಹುಟ್ಟಿದ್ದು 1837, ಸಿಸೀಡರುಗಳು ಕೂಡಿದ್ದು 1840. ಅದಕ್ಕೆ ಮುಂಚೆ ಅವರ ಅಪ್ಪ ಅಮ್ಮ ಸಿಸೀಡರುಗಳಾಗಿದ್ದರೆ ಹತ್ತಿರದ ಮೀಟಿಂಗ್ ಹೌಸ್ ದಾಟಿ ಎರಡು ಮೈಲಿ ಜಾಸ್ತಿ ನಡೆಯುತ್ತಿದ್ದರು. ಪಟ್ಟಿಯ ಆರರಲ್ಲಿ ಸಿಸೀಡರ್ ಮೂಲದ್ದು ಯಾವುದು ನೋಡಿ. ಪ್ರೆಸ್ಬಿಟೇರಿಯನ್ ಹಿಸ್ಟಾರಿಕಲ್ ಸೊಸೈಟಿಯವರು ಬೆಲ್‌ಫಾಸ್ಟಿನಲ್ಲೇ ಇದ್ದಾರೆ, 1907ರಿಂದ ನಡೆಯುತ್ತಿರೋ ಸಂಸ್ಥೆ, ಒಂದೊಂದು ಸಭೆಯ ಚರಿತ್ರೆ ಅವರ ಹತ್ತಿರ ಸಿಗುತ್ತೆ. ಸೆಷನ್ ಪುಸ್ತಕ ಇದ್ದರೆ ಅದನ್ನೂ ಬಿಡಬೇಡಿ. ಪಾದ್ರಿ ಮತ್ತು ಹಿರಿಯರು ಸೇರಿ ಕೂತ ಪಂಚಾಯ್ತಿಯ ನಡಾವಳಿ ಅದು. ಕುಡಿದವರು, ಬೈದಾಡಿದವರು, ಊರು ಬಿಟ್ಟು ಹೋಗುವಾಗ ಚೀಟಿ ಕೇಳಿದವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೀ ಹೆಸರು, ಅಲ್ಲಿ ಮನುಷ್ಯರು.

ತುಂಗೆ ದಂಡೆಯವಳು:
ಹತ್ತು ದಿನ ಆದಮೇಲೆ ಬರುತ್ತಿದ್ದೇನೆ. ನೀವು ಹೇಳಿದ್ದೇ ಸರಿ. ಸಿಸೀಡರ್ ಸಭೆ, ಮೂರೂವರೆ ಮೈಲಿ ದೂರ. ಹೆಸರು ಇಲ್ಲಿ ಹಾಕಲ್ಲ, ಯಾಕೆ ಅಂತ ಕೇಳಿ. 1837ರ ಅಕ್ಟೋಬರಿನಲ್ಲಿ ದೀಕ್ಷಾಸ್ನಾನ. ಅದೇ ರೀಲಿನಲ್ಲಿ ಸೆಷನ್ ಪುಸ್ತಕ. ಸೆಪ್ಟೆಂಬರ್ ತಿಂಗಳ ಪುಟದಲ್ಲಿ ಅದೇ ನೇಕಾರ, ಅದೇ ಹೆಂಡತಿ. ಮದುವೆಗೆ ಮುಂಚಿನ ತಪ್ಪನ್ನು ಸೆಷನ್ ಮುಂದೆ ಒಪ್ಪಿಕೊಂಡರು, ಛೀಮಾರಿ ಹಾಕಿಸಿಕೊಂಡರು, ಮಗುವಿಗೆ ದೀಕ್ಷಾಸ್ನಾನ ಮಾಡಿಸಲು ಅನುಮತಿ ಸಿಕ್ಕಿತು. ಬರೀ ನಾಲ್ಕು ಸಾಲು. ಮಗು ಅಂದರೆ ನಮ್ಮ ಮುತ್ತಜ್ಜಿ. ಈಗ 81ರ ಅತ್ತೆಗೆ ಇದನ್ನು ಹೇಗೆ ಹೇಳಲಿ? ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು.

ಗ್ಲಾಸ್ಗೋ ಗೌಡ:
ಅಕ್ಕ, ಹೇಳಿಬಿಡಿ. ಸ್ಕಾಟ್ಲೆಂಡಿನಲ್ಲಿ ನಾನು ನೋಡಿದ ಸೆಷನ್ ಪುಸ್ತಕಗಳಲ್ಲಿ ಇದೇ ಜಾಸ್ತಿ. ಇದಿಲ್ಲದ ಮನೆತನ ಹುಡುಕೋದೇ ಕಷ್ಟ.

ಕುಡ್ಲದ ಕಾಗೆ:
ನಾನಾದರೆ ಹೇಳಲ್ಲ. ನಮ್ಮಜ್ಜಿಗೆ ಹೇಳಿದ್ದರೆ ಮೂರು ದಿನ ಊಟ ಬಿಡ್ತಿದ್ದರು.

ಡಬ್ಲಿನ್ ದೊಡ್ಡಪ್ಪ:
ಯಜಮಾನರಿಗೆ ಮೊದಲು ಹೇಳಮ್ಮ. ಅವರ ತಾಯಿ, ಅವರಿಗೆ ಗೊತ್ತಿರುತ್ತೆ.

ತುಂಗೆ ದಂಡೆಯವಳು:
ಹೇಳಿದೆವು, ನಿನ್ನೆ ಸಂಜೆ, ಇಬ್ಬರೂ ಕೂತು. ಅತ್ತೆ ಕನ್ನಡಕ ಹಾಕಿಕೊಂಡು ಆ ನಾಲ್ಕು ಸಾಲನ್ನು ಎರಡು ಸಲ ಓದಿದರು. ನಗಲೂ ಇಲ್ಲ, ಬೇಜಾರೂ ಆಗಲಿಲ್ಲ. ಎಲ್ಲರೆದುರು ನಿಲ್ಲಿಸಿದ್ದರಾ ಅಥವಾ ಸೆಷನ್ ಕೋಣೆಯಲ್ಲಾ ಅಂತ ಕೇಳಿದರು. ಸೆಷನ್ ಮುಂದೆ ಅಂತಷ್ಟೇ ಇದೆ ಅಂದೆ. ಆಮೇಲೆ ಟೀ ಕುಡಿಯುತ್ತಾ, ಆ ಚರ್ಚು ಈಗಲೂ ಇದೆಯಲ್ಲ, ಅವರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಅಂತ ಗೊತ್ತಾಗುತ್ತಾ ಅಂದರು. ಗೊತ್ತಾಗುತ್ತಾ?

ಹಳೆ ಕಾಗದ:
ಗೊತ್ತಾಗಬಹುದು. ಬೆಂಚಿಗೆ ಬಾಡಿಗೆ ಕಟ್ಟುತ್ತಿದ್ದ ಕಾಲ ಅದು, ಕೆಲವು ಸಭೆಗಳಲ್ಲಿ ಪ್ಯೂ (ಬೆಂಚು) ನಂಬರ್ ಹಾಕಿ ಯಾರು ಎಷ್ಟು ಕೊಟ್ಟರು ಅಂತ ಬರೆದ ಲೆಕ್ಕದ ಪುಸ್ತಕ ಇರುತ್ತೆ. ರೀಲಿನ ಕೊನೆಯಲ್ಲಿ 'ಸ್ಟೈಪೆಂಡ್' (ಪಾದ್ರಿಯ ಸಂಬಳ) ಅಥವಾ 'ಪ್ಯೂ ರೆಂಟ್' ಅಂತ ಏನಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಆ ಸಭೆಯ ಕ್ಲರ್ಕ್ ಆಫ್ ಸೆಷನ್‌ಗೆ ಬರೆಯಿರಿ, ಈಮೇಲ್ ಬೇಡ, ಕಾಗದ ಬರೆಯಿರಿ. ಅತ್ತೆಯವರ ಕೈಯಲ್ಲೇ ಬರೆಸಿ.